ಅವ್ವ ಹೇಳದೆ ಇಟ್ಟುಕೊಂಡ ಕಥೆ

ನಮ್ಮ ಮನೆಯಲ್ಲಿ ಕಥೆ ಬಲ್ಲವರು ಯಾರು ಎಂಬ ವಿಚಾರದಲ್ಲಿ ನಾನು ಹತ್ತೊಂಬತ್ತು ವರ್ಷ ತಪ್ಪು ತಿಳಿದುಕೊಂಡಿದ್ದೆ. ಅಜ್ಜಿ ಎಂದುಕೊಂಡಿದ್ದೆ. ನಾನೊಬ್ಬಳೇ ಅಲ್ಲ, ಊರೂ ಹಾಗೆಯೇ ತಿಳಿದಿತ್ತು. ಯಾರ ಮನೆಯಲ್ಲಿ ಮದುವೆಯಾದರೂ ಹಸೆಯ ಮುಂದೆ ಕೂತು ಸೋಬಾನೆ ಎತ್ತಿಕೊಡುವುದಕ್ಕೆ ನಮ್ಮಜ್ಜಿಗೆ ಹೇಳಿಕೆ ಬರುತ್ತಿತ್ತು. ಎಲೆಯಡಿಕೆಯ ಜೊತೆಗೆ ಒಂದು ಕುಬಸದ ಕಣವೂ ಸಿಕ್ಕುತ್ತಿತ್ತು. ಚಿಕ್ಕಂದಿನಲ್ಲಿ ನನ್ನ ಗಂಟಲಲ್ಲಿ ಮುದ್ದೆ ಇಳಿಯುತ್ತಿದ್ದುದೇ ಅಜ್ಜಿಯ ರಾಜಕುಮಾರ ಏಳು ಸಮುದ್ರ ದಾಟುತ್ತಿದ್ದಾಗ.

ಅವ್ವನ ವಿಷಯ ಬೇರೆ. ಅವ್ವ ರೇಷ್ಮೆ ಹುಳು ಸಾಕುವವಳು. ಅವಳ ಬಾಯಲ್ಲಿ ನಾನು ಕೇಳುತ್ತಿದ್ದ ಮಾತು ನಾಲ್ಕೇ ನಾಲ್ಕು: ಸೊಪ್ಪು ತಂದಾಯಿತೆ, ಕೈ ತೊಳೆದೆಯಾ, ಬಾಗಿಲು ಹಾಕು, ಉಣ್ಣು. ಬಿ.ಎ. ಮೊದಲನೆಯ ವರ್ಷಕ್ಕೆ ಸೇರಿದಾಗ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ‘ರೈತ’ ಎಂದು ಬರೆದೆ. ತಾಯಿಯ ಉದ್ಯೋಗ ಎಂಬಲ್ಲಿ ‘ಗೃಹಿಣಿ’ ಎಂದು ಬರೆದೆ. ಬರೆಯುವಾಗ ಪೆನ್ನು ಒಂದು ಕ್ಷಣವೂ ತಡೆಯಲಿಲ್ಲ. ನಮ್ಮ ವಂಶದಲ್ಲಿ ಹತ್ತನೆಯ ತರಗತಿ ದಾಟಿದವಳು ನಾನೇ ಮೊದಲು ಎಂಬ ಗರ್ವ ಒಂದು. ಅವ್ವನೇನಾದರೂ ಹೇಳಹೊರಟರೆ ‘ನಿನಗೇನು ಗೊತ್ತಾಗುತ್ತೆ ಸುಮ್ಮನಿರವ್ವ’ ಎನ್ನುವ ಅಭ್ಯಾಸ ಇನ್ನೊಂದು. ಇವೆರಡೂ ಒಟ್ಟಿಗೇ ಬಂದವು.

ನಮ್ಮ ಕಡೆಯ ರೇಷ್ಮೆಯ ಬದುಕು ಏನೆಂಬುದನ್ನು ಬೇರೆ ಸೀಮೆಯ ವಾಚಕರಿಗೆ ಸ್ವಲ್ಪ ಹೇಳಬೇಕು. ಎರಡು ಜ್ವರ ಮುಗಿಸಿದ ಚಾಕಿ ಹುಳುವನ್ನು ಮನೆಗೆ ತರುತ್ತೇವೆ. ಜ್ವರವೆಂದರೆ ಕಾಯಿಲೆಯಲ್ಲ. ಹುಳು ತನ್ನ ಬಾಳಿನಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ಮುಟ್ಟದೆ, ತಲೆ ಮೇಲಕ್ಕೆತ್ತಿ, ತಪಸ್ಸಿಗೆ ಕೂತಂತೆ ಅಲುಗಾಡದೆ ಕೂರುತ್ತದೆ. ಅದನ್ನೇ ನಮ್ಮವರು ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದಮೇಲೆ ಒಂದು ವಾರ ಅವು ತಿನ್ನುವ ಸದ್ದು ಹೊರಗೆ ಮಳೆ ಬಿದ್ದ ಹಾಗೆ ಕೇಳುತ್ತದೆ. ಆಮೇಲೆ ಒಂದು ರಾತ್ರಿ ಆ ಮಳೆ ನಿಲ್ಲುತ್ತದೆ. ಹುಳು ಹಣ್ಣಾಗುತ್ತದೆ, ಮೈ ದೀಪಕ್ಕೆ ಹಿಡಿದರೆ ಒಳಗೆ ಬೆಳಕು ಹಾಯುವಷ್ಟು ತಿಳಿಯಾಗುತ್ತದೆ, ಗೂಡು ಕಟ್ಟಲು ಜಾಗ ಹುಡುಕುತ್ತ ಅಲೆಯುತ್ತದೆ. ಆ ಹೊತ್ತಿಗೆ ಸರಿಯಾಗಿ ಅದನ್ನು ಬೆರಳಲ್ಲಿ ಆಯ್ದು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲು ಕಂಡಲ್ಲಿ ಪೋಲು; ಬೇಗನಾದರೆ ಗೂಡು ಜೊಳ್ಳು. ಅಪ್ಪ ಕ್ಯಾಲೆಂಡರಿನಲ್ಲಿ ತಾರೀಕಿಗೆ ಸುತ್ತು ಹಾಕಿಟ್ಟುಕೊಂಡು ಕಾಯುತ್ತಾನೆ. ಅವ್ವ ಕ್ಯಾಲೆಂಡರ್ ನೋಡುವುದಿಲ್ಲ. ರಾತ್ರಿ ಮೂರು ಗಂಟೆಗೆ ಎದ್ದು ಕೂತು, ‘ಹಣ್ಣಾದ್ವು, ಆಚೆ ಮನೆಯೋರ್ನ ಎಬ್ಸು’ ಎನ್ನುತ್ತಾಳೆ. ಹೇಗೆ ಗೊತ್ತಾಯಿತು ಎಂದರೆ ‘ವಾಸ್ನೆ’ ಎನ್ನುತ್ತಾಳೆ. ಒಂದೊಂದು ಸಲ ‘ಸದ್ದು’ ಎನ್ನುತ್ತಾಳೆ. ಒಂದೊಂದು ಸಲ ‘ಅನ್ನುಸ್ತು’ ಎನ್ನುತ್ತಾಳೆ. ನನಗೆ ಬುದ್ಧಿ ಬಂದಂದಿನಿಂದ ಅವಳ ಲೆಕ್ಕ ತಪ್ಪಿದ್ದನ್ನು ನಾನು ಕಂಡಿಲ್ಲ.

ಅಂತಿಮ ವರ್ಷದಲ್ಲಿ ನಮಗೆ ಜಾನಪದ ಒಂದು ಪತ್ರಿಕೆ. ಅವರವರ ಊರಿನ ಐದು ಕಥೆಗಳನ್ನು ಸಂಗ್ರಹಿಸಿ, ಹೇಳಿದವರ ಹೆಸರು, ವಯಸ್ಸು ಸಹಿತ ಬರೆದುಕೊಂಡು ಬರಬೇಕೆಂದು ಅಧ್ಯಾಪಕರು ಹೇಳಿದರು. ನನಗೆ ನಗು ಬಂತು. ಮನೆಯಲ್ಲೇ ಗಣಿ ಇಟ್ಟುಕೊಂಡವಳು ನಾನು. ಡಿಸೆಂಬರಿನ ಒಂದು ಸಂಜೆ ಅಜ್ಜಿಯನ್ನು ಜಗಲಿಯ ಮೇಲೆ ಕೂರಿಸಿ, ಎಲೆಯಡಿಕೆ ಚೀಲವನ್ನು ಕೈಗಿತ್ತು, ಮೊಬೈಲನ್ನು ಧ್ವನಿಮುದ್ರಣಕ್ಕೆ ಹಾಕಿ, ಹೂವಿನ ಮರದ ಕಥೆ ಹೇಳಜ್ಜಿ ಎಂದೆ. ಅಜ್ಜಿ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. ಒಂದೂರಲ್ಲಿ ಒಬ್ಬಳು ಮುದುಕಿ, ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಕೂಲಿ ಮಾಡಿ ಸಾಕುತ್ತಿದ್ದ ತಾಯಿಯ ಕಷ್ಟ ನೋಡಲಾರದೆ ಕಿರಿಯವಳು ಅಕ್ಕನ ಹತ್ತಿರ, ನಾನು ಹೂವಿನ ಮರವಾಗುತ್ತೇನೆ, ನೀನು ಹೂವು ಬಿಡಿಸಿಕೊಂಡು ಹೋಗಿ ಮಾರು ಎನ್ನುತ್ತಾಳೆ... ಇಲ್ಲಿಗೆ ಅಜ್ಜಿ ನಿಂತಳು. ಮತ್ತೆ ಶುರುಮಾಡಿದಾಗ ಆ ಹುಡುಗಿಯ ಕೈಯಲ್ಲಿ ಮಾತಾಡುವ ಗಿಳಿ ಬಂದಿತ್ತು. ಗಿಳಿ ಬೇರೆ ಕಥೆಯದು. ಅಜ್ಜಿಗೆ ಎಂಬತ್ತು ದಾಟಿದೆ. ಅವಳ ಕಥೆಗಳೆಲ್ಲ ಒಂದಕ್ಕೊಂದು ತೊಡಕಿಕೊಂಡಿದ್ದವು.

ಆಗ ಹುಳದ ಮನೆಯ ಬಾಗಿಲಿನಿಂದ ಅವ್ವನ ದನಿ ಬಂತು.

‘ಗಿಣಿ ಇಲ್ಲ ಕಣತ್ತೆ ಅದ್ರಲ್ಲಿ. ನೆಲ ಸಾರ್ಸಿ, ಮೈ ತೊಳ್ಕೊಂಡು, ಎರಡು ಬಿಂದಿಗೆ ನೀರು ತರ್ಬೇಕು. ಉಗುರು ತಾಗ್ಬಾರ್ದು ನೀರ್ಗೆ.’

ಅಜ್ಜಿ ತಲೆ ಎತ್ತಿ, ‘ನಿಂಗ್ಯಾವಾಗ ಬಂತೇ ಇದು?’ ಎಂದಳು.

‘ನಮ್ಮವ್ವ ಹೇಳೋಳು’ ಎಂದಷ್ಟೆ ಹೇಳಿ ಅವ್ವ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಮೊಬೈಲಿನಲ್ಲಿ ಆ ಒಂದು ನಿಮಿಷ ಇವತ್ತಿಗೂ ಇದೆ. ಅಜ್ಜಿಯ ಪ್ರಶ್ನೆಯಾದ ಮೇಲೆ ಬಹಳ ಹೊತ್ತು ಯಾರೂ ಮಾತಾಡದೆ ಅಡಕೆ ಕತ್ತರಿಸುವ ಸದ್ದು ಮಾತ್ರ ಕೇಳುತ್ತದೆ.

ಅವ್ವನನ್ನು ಬಾಯಿ ಬಿಡಿಸುವುದಕ್ಕೆ ನನಗೆ ಎರಡು ವಾರ ಹಿಡಿಯಿತು. ಅವಳು ಈ ಮನೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಬಂದ ವರ್ಷ ಮೊದಲನೆಯ ಬೆಳೆಯ ಹುಳು ಹಣ್ಣಾದ ರಾತ್ರಿ ಆಚೀಚೆಯ ಮನೆಯ ಹೆಂಗಸರೆಲ್ಲ ಆಯುವುದಕ್ಕೆ ಬಂದಿದ್ದರಂತೆ. ನಿದ್ದೆ ತಡೆಯಬೇಕಲ್ಲ, ಹೊಸ ಸೊಸೆ ಹೂವಿನ ಮರದ ಕಥೆ ಹೇಳಿದಳಂತೆ. ಬೆಳಗಿನ ಜಾವದ ತನಕ ಯಾರ ರೆಪ್ಪೆಯೂ ಮುಚ್ಚಲಿಲ್ಲವಂತೆ. ಆ ಬೆಳೆ ಚೆನ್ನಾಗಿಯೇ ಬಂತು. ಆದರೆ ಮುಂದಿನ ಬೆಳೆಗೆ ಸುಣ್ಣಕಟ್ಟು ತಗುಲಿತು. ಅದು ಶಿಲೀಂಧ್ರದ ರೋಗ. ಚಳಿ, ತೇವ ಹೆಚ್ಚಾದಾಗ ಹರಡುತ್ತದೆ. ಸತ್ತ ಹುಳು ಸುಣ್ಣದ ಕಡ್ಡಿಯಂತೆ ಬಿಳಿಚಿ ಸೆಟೆದುಕೊಳ್ಳುತ್ತದೆ. ಈಗ ಎಲ್ಲರಿಗೂ ಗೊತ್ತು. ಆಗ ಯಾರೋ ಒಂದು ಮಾತು ಅಂದರು: ಹೊಸ ಸೊಸೆ ಹುಳದ ಮನೆಯಲ್ಲಿ ಕೂತು ಕೈಕಾಲಿಲ್ಲದವಳ ಕಥೆ ಹೇಳಿದಳು, ಅದಕ್ಕೇ ಹುಳು ಹೀಗಾದವು, ಎಂದು. ಅಂದವರು ಯಾರು ಎಂದು ಕೇಳಿದೆ. ‘ಯಾರೋ ಅಂದ್ರು ಬುಡು’ ಎಂದಳು. ಅಪ್ಪ ಏನಂದ ಎಂದು ಕೇಳಿದೆ. ‘ಏನೂ ಅನ್ಲಿಲ್ಲ’ ಎಂದಳು. ಈ ಎರಡನೆಯ ಉತ್ತರ ಹೇಳುವಾಗ ಅವಳ ದನಿ ಮೊದಲನೆಯದರಷ್ಟು ಹಗುರವಾಗಿರಲಿಲ್ಲ. ಅಂದಿನಿಂದ ಅವ್ವ ಕಥೆ ಹೇಳಲಿಲ್ಲ.

ಅದೇ ತಿಂಗಳು ತರಗತಿಯಲ್ಲಿ ಅಧ್ಯಾಪಕರು ಇನ್ನೊಂದು ಕಥೆ ಹೇಳಿದರು. ಎ. ಕೆ. ರಾಮಾನುಜನ್ ಅವರು ಕನ್ನಡದಲ್ಲಿ ಸಂಗ್ರಹಿಸಿ ಇಂಗ್ಲಿಷಿಗೆ ಕೊಂಡೊಯ್ದ ಕಥೆಗಳಲ್ಲಿ ಅದೂ ಒಂದು. ಒಬ್ಬ ಗೃಹಿಣಿಗೆ (ಅಧ್ಯಾಪಕರು ಈ ಪದವನ್ನೇ ಬಳಸಿದರು, ನನಗೆ ಚುಚ್ಚಿತು) ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಒಳಗೇ ಇದ್ದು ಉಸಿರು ಕಟ್ಟಿದ ಅವು ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಗೆ ಬಂದುಬಿಟ್ಟವು. ಕಥೆ ಒಂದು ಜೊತೆ ಜೋಡಾಗಿ ಬಾಗಿಲಲ್ಲಿ ಕೂತಿತು, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ತೂಗಿತು. ಗಂಡ ಬಂದು ಇದು ಯಾರದು ಎಂದ; ಅವಳಿಗೆ ಗೊತ್ತಿಲ್ಲ. ಸಿಟ್ಟಾಗಿ ಕಂಬಳಿ ಎತ್ತಿಕೊಂಡು ಹನುಮಂತನ ಗುಡಿಗೆ ಮಲಗಲು ಹೋದ. ಊರಿನ ದೀಪಗಳನ್ನೆಲ್ಲ ಆರಿಸಿದ ಮೇಲೆ ಅವುಗಳ ಜ್ವಾಲೆಗಳು ರಾತ್ರಿ ಆ ಗುಡಿಯಲ್ಲಿ ಸೇರಿ ಹರಟೆ ಹೊಡೆಯುತ್ತಿದ್ದವು. ಅವನ ಮನೆಯ ಜ್ವಾಲೆ ತಡವಾಗಿ ಬಂದು ನಡೆದದ್ದನ್ನು ಹೇಳಿತು. ಅವನು ಬೆಳಗ್ಗೆ ಮನೆಗೆ ಹೋಗಿ, ಆ ಕಥೆ ಯಾವುದು, ಆ ಹಾಡು ಯಾವುದು ಎಂದು ಹೆಂಡತಿಯನ್ನು ಕೇಳಿದ. ಅವಳು, ಯಾವ ಕಥೆ, ಯಾವ ಹಾಡು ಎಂದಳು. ಅವಳಿಗೆ ಮರೆತೇ ಹೋಗಿತ್ತು.

ಗೆಳತಿಯರೆಲ್ಲ ಜೋಡು, ಕೋಟು ಎಂದು ನಕ್ಕರು. ನನಗೆ ನಗು ಬರಲಿಲ್ಲ. ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಊರು ಸೇರುವ ತನಕ ಒಂದೇ ಯೋಚನೆ: ನಮ್ಮವ್ವನಿಗೆ ಇನ್ನೂ ಮರೆತಿಲ್ಲ.

ರಾಮಾನುಜನ್ 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, 1993ರಲ್ಲಿ ಷಿಕಾಗೋದಲ್ಲಿ ತೀರಿಕೊಂಡರು. ಅವರು ಕೂಡಿಸಿಟ್ಟ ಕನ್ನಡದ ಕಥೆಗಳ ಇಂಗ್ಲಿಷ್ ಪುಸ್ತಕ 1997ರಲ್ಲಿ ಹೊರಬಂದಾಗ ಅದಕ್ಕೆ ಇಟ್ಟದ್ದು ಹೂವಿನ ಮರದ ಕಥೆಯ ಹೆಸರನ್ನೇ. ಗಿರೀಶ ಕಾರ್ನಾಡರು ರಾಮಾನುಜನ್ ಅವರಿಂದ ಕೇಳಿದ ಕಥೆಗಳನ್ನಿಟ್ಟುಕೊಂಡು 1988ರಲ್ಲಿ ‘ನಾಗಮಂಡಲ’ ನಾಟಕ ಬರೆದರು. ಅದರ ಆರಂಭದಲ್ಲಿ ಆ ಹರಟೆಮಲ್ಲ ಜ್ವಾಲೆಗಳೇ ಬಂದು ಕೂರುತ್ತವೆ. ಹೂವಿನ ಮರದ ಹುಡುಗಿಯನ್ನು ಅವರು 1992ರಲ್ಲಿ ‘ಚೆಲುವಿ’ ಎಂಬ ಹಿಂದಿ ಚಲನಚಿತ್ರ ಮಾಡಿದರು. ಅಮೆರಿಕದ ಸಂಗೀತಕಾರ ಜಾನ್ ಆಡಮ್ಸ್ ಅದೇ ಕಥೆಯನ್ನು ಗೀತನಾಟಕವಾಗಿ ಕಟ್ಟಿದ. 2006ರಲ್ಲಿ ವಿಯೆನ್ನಾ ನಗರದಲ್ಲಿ ಅದು ಮೊದಲು ರಂಗಕ್ಕೆ ಬಂತು. ಇದನ್ನೆಲ್ಲ ನಾನು ಉತ್ಸಾಹದಿಂದ ಅವ್ವನಿಗೆ ಹೇಳಿದೆ. ಅವಳು ಸೊಪ್ಪು ಹೆಚ್ಚುತ್ತಲೇ ಕೇಳಿದಳು. ಎಲ್ಲ ಮುಗಿದ ಮೇಲೆ, ‘ಅಲ್ಲೂ ಕೊಂಬೆ ಮುರೀತಾರಾ?’ ಎಂದಳು. ಹೌದವ್ವ, ಕಥೆ ಅದೇ ತಾನೆ ಎಂದೆ. ‘ಮುರೀತಾರೆ’ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ಅಂದಿನಿಂದ ನನಗೊಂದು ಹೊಸ ಚಾಳಿ ಹತ್ತಿತು. ತರಗತಿಯಲ್ಲಿ ಓದಿದ್ದನ್ನು ಅವ್ವನಿಗೆ ಹೇಳುವುದು, ಅವಳು ಏನನ್ನುತ್ತಾಳೋ ಕೇಳುವುದು. ‘ಕೆರೆಗೆ ಹಾರ’ವನ್ನು ಯಾರು ಓದಿಲ್ಲ? ಗೌಡ ಕೆರೆ ತೋಡಿಸಿದರೆ ನೀರು ಬೀಳಲಿಲ್ಲ. ಕಿರಿಯ ಸೊಸೆ ಭಾಗೀರಥಿಯನ್ನು ಬಲಿ ಕೊಡಬೇಕೆಂದು ನಿಶ್ಚಯವಾಯಿತು. ಅವಳು ತವರಿಗೆ ಹೋಗಿ ಬರುತ್ತಾಳೆ. ತಂದೆತಾಯಿಗೆ ನಿಜ ಹೇಳದೆ ಏನೋ ನೆವ ಹೇಳುತ್ತಾಳೆ. ಗೆಳತಿಗೆ ಮಾತ್ರ ನಿಜ ಹೇಳುತ್ತಾಳೆ. ಹಿಂದಿರುಗಿ ಬಂದು ಕೆರೆಯಲ್ಲಿ ಮುಳುಗುತ್ತಾಳೆ. ನಾನು ಪರೀಕ್ಷೆಯಲ್ಲಿ ‘ಭಾಗೀರಥಿಯ ತ್ಯಾಗ’ ಎಂದು ಒಂದೂವರೆ ಪುಟ ಬರೆದು ಒಳ್ಳೆಯ ಅಂಕ ತೆಗೆದವಳು. ಅವ್ವ ಕೇಳಿದಳು:

‘ತವ್ರಿಗೆ ಯಾಕೋದ್ಲು ಹೇಳು ಅವ್ಳು?’

‘ಕೊನೇ ಸಲ ನೋಡೋದಕ್ಕೆ.’

‘ಅಲ್ಲ. ಯಾರಾದ್ರೂ ಬ್ಯಾಡ ಅಂತಾರಾ ಅಂತ ನೋಡಕ್ಕೋದ್ಲು. ಸುಳ್ಳು ಹೇಳುದ್ರೂ ಮಕ ನೋಡಿ ಗೊತ್ತಾಗ್ಬೇಕಲ್ವಾ ಹೆತ್ತೋರ್ಗೆ?’

ಈ ಪ್ರಶ್ನೆ ನನ್ನ ಒಂದೂವರೆ ಪುಟದಲ್ಲಿ ಎಲ್ಲೂ ಇರಲಿಲ್ಲ. ಅವ್ವ ಹತ್ತಿರವಾಗಲು ನನಗೆ ಹೆದರಿಕೆಯೂ ಆದದ್ದು ಆಗಲೇ. ಏಕೆಂದರೆ ಅವಳು ಭಾಗೀರಥಿಯ ಮಾತಾಡುತ್ತಿದ್ದಾಳೋ ತನ್ನ ಮಾತಾಡುತ್ತಿದ್ದಾಳೋ ತಿಳಿಯಲಿಲ್ಲ. ಸುಣ್ಣಕಟ್ಟಿನ ವರ್ಷ ಅವಳೂ ನಾಲ್ಕು ದಿನ ತವರಿಗೆ ಹೋಗಿ ಬಂದಿದ್ದಳಂತೆ. ಅಲ್ಲಿ ಏನು ಹೇಳಿದಳೋ, ಯಾರು ಏನೆಂದರೋ, ನಾನು ಕೇಳಲಿಲ್ಲ.

ಹೆಂಗಸರಿಗೆ ಒಳಗಣ್ಣು ಎಂಬುದೊಂದು ಹುಟ್ಟಿನಿಂದಲೇ ಬಂದಿರುತ್ತದೆ ಎಂದು ಹೊಗಳುವವರಿದ್ದಾರೆ. ಆ ಹೊಗಳಿಕೆಯ ಮೇಲೆ ನನಗೆ ಅನುಮಾನ. ವರ್ಷಕ್ಕೆ ಐದಾರು ಬೆಳೆಯಂತೆ ಇಪ್ಪತ್ತೆರಡು ವರ್ಷ ಕಂಡವಳ ಮೂಗು ಮೂರು ಗಂಟೆ ರಾತ್ರಿಯಲ್ಲಿ ಎಚ್ಚರವಾದರೆ ಅದನ್ನು ದೇವರ ವರ ಎಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಕೂಲಿ ಕೊಡಬೇಕಾಗಿಲ್ಲ, ಅರ್ಜಿಯಲ್ಲಿ ಉದ್ಯೋಗವೆಂದು ಬರೆಯಬೇಕಾಗಿಯೂ ಇಲ್ಲ. ಹಾಗೆಯೇ ಹಳೆಯ ಕಥೆಗಳೆಲ್ಲ ಹೆಣ್ಣಿನ ಮಿತ್ರರು ಎಂದೂ ನಾನು ಹೇಳಲಾರೆ. ಅಜ್ಜಿಯ ಎಷ್ಟೋ ಕಥೆಗಳಲ್ಲಿ ಮಲತಾಯಿಯನ್ನು ಸುಣ್ಣದ ಗೂಡಿಗೆ ಹಾಕಿ ಸುಟ್ಟು ಎಲ್ಲರೂ ಸುಖವಾಗಿರುತ್ತಾರೆ. ಕಥೆ ಯಾರ ಬಾಯಲ್ಲಿದೆ, ಯಾರ ನಡುವೆ ಕೂತಿದೆ ಎಂಬುದರ ಮೇಲೆ ಅದರ ಗುಣ. ರಾಮಾನುಜನ್ ಒಂದು ಕಡೆ ತೋರಿಸಿದ್ದಾರೆ: ಗಂಡಸಿನ ಸಾಹಸದ ಕಥೆ ಮದುವೆಯಲ್ಲಿ ಮುಗಿಯುತ್ತದೆ, ಹೆಂಗಸರು ಹೇಳುವ ಹೆಣ್ಣಿನ ಕಥೆಯಲ್ಲಿ ತೊಂದರೆ ಶುರುವಾಗುವುದೇ ಮದುವೆಯಾದ ಮೇಲೆ, ಎಂದು. ಇದನ್ನು ಓದಿದಾಗ ನನ್ನ ಮದುವೆಯ ಮಾತು ಇನ್ನೂ ಬಂದಿರಲಿಲ್ಲ.

ಸಂಕ್ರಾಂತಿ ಕಳೆದ ಭಾನುವಾರ ಬಂತು. ಅಪ್ಪ ರಾಮನಗರದ ಮಾರುಕಟ್ಟೆಗೆ ಗೂಡು ಹಾಕಲು ಹೋದಾಗ ಪರಿಚಯವಾದವರೊಬ್ಬರು ತಂದ ಸಂಬಂಧ. ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ವರದಕ್ಷಿಣೆಯ ಮಾತಿಲ್ಲ. ಒಂದೇ ಅವಸರ: ಏಪ್ರಿಲಿನಲ್ಲಿ ಮದುವೆ ಆಗಬೇಕು. ಪರೀಕ್ಷೆಯನ್ನು ಆಮೇಲೆ ಯಾವಾಗಲಾದರೂ ಕಟ್ಟಬಹುದಲ್ಲ ಎಂದರು. ಹುಡುಗ ಒಳ್ಳೆಯವನೇ ಇದ್ದಿರಬೇಕು. ಅವನು ಮಾತೇ ಆಡಲಿಲ್ಲ. ಮಾತಾಡಿದ್ದು ಅವನ ಅಕ್ಕ. ಸೋಬಾನೆ ಹೇಳುವವರ ಮೊಮ್ಮಗಳಂತೆ, ಒಂದು ಹಾಡು ಹೇಳಲಿ ಎಂದರು. ಹೇಳಿದೆ. ಓದುವುದರಲ್ಲಿಯೂ ಮುಂದಂತೆ, ಅಂಕಪಟ್ಟಿ ತೋರಿಸಲಿ ಎಂದರು. ತೋರಿಸಿದೆ. ಅಪ್ಪನ ಮುಖದಲ್ಲಿ ಸಂತೋಷ ತುಂಬಿತ್ತು. ಮಗಳ ಅಂಕಪಟ್ಟಿಯನ್ನು ಬಂದವರು ಓದುತ್ತಿದ್ದಾರಲ್ಲ ಎಂಬ ಸಂತೋಷ. ಅವನಿಗೆ ಓದಲು ಬರುವುದಿಲ್ಲ. ಅವನನ್ನು ನಾನು ದೂರುವುದಿಲ್ಲ.

ಆಮೇಲೆ ಆಕೆ ಹುಳದ ಮನೆ ನೋಡಬೇಕೆಂದರು. ಹುಳು ನಾಲ್ಕನೆಯ ಜ್ವರಕ್ಕೆ ಕೂತಿದ್ದವು. ಆ ಹೊತ್ತಿನಲ್ಲಿ ಹೊರಗಿನವರನ್ನು ಬಿಡುವುದಿಲ್ಲ. ನೆಂಟರಾಗುವವರು, ಬೇಡ ಎನ್ನುವುದು ಹೇಗೆ? ಅವ್ವ ಬಾಗಿಲು ತೆಗೆದಳು. ಆಕೆ ಚಪ್ಪಲಿಯಲ್ಲೇ ಒಳಗೆ ಹೋಗಿ, ಜ್ವರಕ್ಕೆ ಕೂತ ಒಂದು ಹುಳುವನ್ನು ಎರಡು ಉಗುರಿನ ನಡುವೆ ಎತ್ತಿ ಹಿಡಿದು ‘ಅಯ್ಯೋ, ತಣ್ಣಗಿದೆ!’ ಎಂದು ನಕ್ಕು ಕೆಳಗೆ ಹಾಕಿದರು. ಅಷ್ಟೆ ನಡೆದದ್ದು. ಬೇರೆ ಯಾರೂ ಗಮನಿಸಲಿಲ್ಲ. ಅವ್ವ ಬಗ್ಗಿ ಆ ಹುಳುವನ್ನು ಎತ್ತಿ ಅದರ ಜಾಗಕ್ಕಿಟ್ಟಳು.

ಅವರು ಹೋದಮೇಲೆ ಅವ್ವ, ‘ನಂಗ್ಯಾಕೋ ಸರಿ ಬರ್ತಾ ಇಲ್ಲ’ ಎಂದಳು. ಯಾಕೆ ಎಂದು ಅಪ್ಪ ಕೇಳಿದ. ‘ಗೊತ್ತಿಲ್ಲ’ ಎಂದಳು. ಕಾರಣ ಹೇಳಲಾಗದ ಮಾತಿಗೆ ಗಂಡಸರ ಎದುರಿಗೆ ಎಷ್ಟು ಬೆಲೆಯಿದೆಯೋ ಅಷ್ಟೇ ಬೆಲೆ ಬಂತು. ಅಜ್ಜಿ ಕೂಡ, ಇಂಥಾ ಸಂಬಂಧ ಮತ್ತೆ ಬರುತ್ತಾ ಎಂದಳು. ಮುಂದಿನ ವಾರ ಬುಧವಾರ ಅಪ್ಪ ಮಾತು ಕೊಡಬೇಕಾಗಿತ್ತು. ನಾನೇನು ಹೇಳಿದೆ ಎಂದು ವಾಚಕರು ಕೇಳಬಹುದು. ನಾನು ಏನೂ ಹೇಳಲಿಲ್ಲ. ತರಗತಿಯಲ್ಲಿ ಎದ್ದು ನಿಂತು ಸ್ತ್ರೀಸಮಾನತೆಯ ಮೇಲೆ ಹತ್ತು ನಿಮಿಷ ಮಾತಾಡಿ ಚಪ್ಪಾಳೆ ಹೊಡೆಸಿಕೊಂಡವಳು, ನಮ್ಮ ಮನೆಯ ಹಜಾರದಲ್ಲಿ ಗೋಡೆ ನೋಡಿಕೊಂಡು ಕೂತೆ.

ಮಂಗಳವಾರ ರಾತ್ರಿ ಹುಳು ಹಣ್ಣಾದವು. ಅಪ್ಪನ ಕ್ಯಾಲೆಂಡರಿನಲ್ಲಿ ಬುಧವಾರಕ್ಕೆ ಸುತ್ತು ಹಾಕಿತ್ತು. ಆಚೀಚೆಯ ಮನೆಗಳಿಂದ ಆರು ಜನ ಹೆಂಗಸರು ಬಂದರು. ಗಂಡಸರು ಚಂದ್ರಿಕೆಗಳನ್ನು ಹೊತ್ತು ತಂದು ಗೋಡೆಗೆ ಒರಗಿಸುವುದು, ನಾವು ಆಯ್ದು ಬಿಡುವುದು. ಬೀಸುವ ಕಲ್ಲು ಹೋಯಿತು, ಅದರ ಜೊತೆಗೆ ಹಾಡೂ ಹೋಯಿತು ಎಂದು ಬಹಳ ಜನ ಬರೆದಿದ್ದಾರೆ. ನಿಜವೇ. ಆದರೆ ಹೆಂಗಸರು ಗುಂಪಾಗಿ ಕೂತು ಬೆರಳಿಗೆ ಕೆಲಸ ಕೊಟ್ಟು ಬಾಯಿ ಬಿಡುವಾಗಿರುವ ಒಂದು ರಾತ್ರಿ ನಮ್ಮ ಕಡೆ ಇನ್ನೂ ಉಳಿದುಕೊಂಡಿದೆ. ಸ್ವಲ್ಪ ಹೊತ್ತಾದ ಮೇಲೆ ಒಬ್ಬರು ಆಕಳಿಸಿದರು. ಆಗ ಅವ್ವ ತಲೆ ಎತ್ತದೆಯೇ, ‘ಒಂದೂರಲ್ಲಿ ಒಬ್ಳು ಮುದುಕಿ’ ಎಂದಳು.

ನಾನು ಮೊಬೈಲಿಗೆ ಕೈ ಹಾಕಿದೆ. ‘ಅದ್ನ ಒಳಗಿಡು’ ಎಂದಳು. ಆದ್ದರಿಂದ ಮುಂದಿನದೆಲ್ಲ ನನ್ನ ನೆನಪಿನದು.

ಪುಸ್ತಕದಲ್ಲಿ ಅಕ್ಕ ಹೂವು ಬಿಡಿಸುವುದು ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ. ಅವ್ವ ಅಲ್ಲಿ ಬಹಳ ಹೊತ್ತು ನಿಂತಳು. ಯಾವ ಬೆರಳಿನಿಂದ ಹಿಡಿಯಬೇಕು, ಚಿಗುರಿಗೆ ತಾಗದಂತೆ ತೊಟ್ಟನ್ನು ಹೇಗೆ ತಿರುಗಿಸಬೇಕು, ಕೈಗೆ ಎಟುಕದ ಹೂವನ್ನು ಹೇಗೆ ಅಲ್ಲೇ ಬಿಡಬೇಕು. ಹೇಳುತ್ತ ಹೇಳುತ್ತ ಅವಳ ಬೆರಳು ಹುಳುವನ್ನು ಎತ್ತಿ ಎತ್ತಿ ಚಂದ್ರಿಕೆಗೆ ಬಿಡುತ್ತಿತ್ತು. ಆಯುವವರ ಕೈಯೆಲ್ಲ ನಿಧಾನವಾಯಿತು. ಹೂವಿನ ಪರಿಮಳ ಅರಮನೆಗೆ ಮುಟ್ಟಿತು, ರಾಜನ ಮಗ ಮರೆಯಲ್ಲಿ ನಿಂತು ಗುಟ್ಟು ಕಂಡ, ಮದುವೆಯಾಯಿತು. ಅವನು, ನನಗಾಗಿ ಮರವಾಗು ಎಂದ, ಆದಳು. ಅದನ್ನು ಕದ್ದು ನೋಡಿದ ಅವನ ತಂಗಿ, ತೋಟಕ್ಕೆ ಕರೆದುಕೊಂಡು ಹೋಗಿ ತನ್ನ ಗೆಳತಿಯರ ಮುಂದೆ, ಒಂದು ಸಲ ಆಗು ನೋಡೋಣ ಎಂದಳು. ಅವ್ವ ಇಲ್ಲಿ ಕಿರಿನಾದಿನಿಯನ್ನು ದೊಡ್ಡ ನಾದಿನಿ ಮಾಡಿಬಿಟ್ಟಳು. ಯಾರೂ ತಿದ್ದಲಿಲ್ಲ. ಉಗುರಿನಲ್ಲಿ ಕಿತ್ತರು, ಕೊಂಬೆ ಮುರಿದರು, ನಕ್ಕರು, ಮಳೆ ಬಂತೆಂದು ನೀರನ್ನು ಅರೆಬರೆ ಚೆಲ್ಲಿ ಓಡಿಹೋದರು. ಕೈಯಿಲ್ಲದೆ ಕಾಲಿಲ್ಲದೆ ಅವಳು ಅರ್ಧ ಮೈಯಲ್ಲಿ ಉಳಿದಳು.

ಹೊರಗೆ ಜಗಲಿಯಲ್ಲಿ ಅಪ್ಪನ ಬೀಡಿಯ ಕೆಂಡ ಕಾಣುತ್ತಿತ್ತು. ಚಂದ್ರಿಕೆ ಹೊರುವುದು ಯಾವಾಗಲೋ ಮುಗಿದಿದ್ದರೂ ಅವನು ಮಲಗಲು ಹೋಗಿರಲಿಲ್ಲ.

ಗಂಡ ಬೈರಾಗಿಯಾಗಿ ಊರೂರು ಅಲೆದು, ಕೊನೆಗೆ ಅವಳನ್ನು ಗುರುತು ಹಿಡಿದ. ಅವಳೇ ಅವನಿಗೆ ಹೇಳಿದಳು: ಎರಡು ಬಿಂದಿಗೆ ನೀರು ತಾ, ಒಂದನ್ನು ಹೊಯ್ದರೆ ಮರವಾಗುತ್ತೇನೆ, ಮುರಿದ ಕೊಂಬೆಯನ್ನು ಜೋಡಿಸು, ಹರಿದ ಎಲೆಯನ್ನು ಸರಿಮಾಡು, ಆಮೇಲೆ ಇನ್ನೊಂದನ್ನು ಹೊಯ್ಯಿ. ಪುಸ್ತಕದಲ್ಲಿ ಅವನು ಹೋಗುತ್ತಾನೆ, ತರುತ್ತಾನೆ, ಅವಳು ಇಡಿಯಾಗುತ್ತಾಳೆ. ಅವ್ವನ ಕಥೆಯಲ್ಲಿ ಅವನು ನೀರು ತಂದ. ಅವಳು ನೋಡಿ, ಉಗುರು ತಾಗಿದೆ, ಚೆಲ್ಲಿ ಬಾ ಎಂದಳು. ಮತ್ತೆ ಹೋಗಿ ತಂದ. ಇದರಲ್ಲೂ ತಾಗಿದೆ ಎಂದಳು. ಹೆಂಗಸರು ನಗಲಾರಂಭಿಸಿದರು. ಮೂರನೆಯ ಸಲ ಅವನು ಬಾವಿಕಟ್ಟೆಯ ಮೇಲೆ ಕೂತು, ಇಷ್ಟು ದಿನ ಇವಳ ತಾಯಿ, ಅಕ್ಕ ಹೇಗೆ ತರುತ್ತಿದ್ದರು ಎಂದು ಯೋಚಿಸಿ, ಉಗುರು ಕತ್ತರಿಸಿಕೊಂಡು ತಂದನಂತೆ.

ಆಮೇಲೆ ನಾನು ಅವ್ವನನ್ನು ಮೆಲ್ಲಗೆ ಕೇಳಿದೆ. ‘ಮೂರು ಸಲ ಬಾವಿಗೆ ಕಳಿಸಿದ್ದು ನಿಮ್ಮವ್ವ ಹೇಳಿದ್ದಾ?’

‘ಇಲ್ಲ.’

‘ಮತ್ತೆ?’

‘ಈಗ ಬಂತು.’

ಮುಖದಲ್ಲಿ ಹೆಮ್ಮೆಯೇನೂ ಇರಲಿಲ್ಲ. ಹುಳು ಹಣ್ಣಾ��್ವು ಎನ್ನುವ ದನಿಯಲ್ಲೇ ಹೇಳಿದಳು.

ಬುಧವಾರ ಅಪ್ಪ ರಾಮನಗರದವರಿಗೆ ಫೋನು ಮಾಡಲಿಲ್ಲ. ಗುರುವಾರ ಅವರೇ ಮಾಡಿದರು. ಅಪ್ಪ ಹಿತ್ತಿಲಿಗೆ ಹೋಗಿ ಮಾತಾಡಿ ಬಂದು, ‘ಪರೀಕ್ಷೆ ಮುಗೀಲಿ ಅಂದೆ’ ಎಂದ. ಅವರು ಕಾಯುತ್ತಾರೋ ಇಲ್ಲವೋ ಗೊತ್ತಿಲ್ಲ. ಕಾದರೆ ಮುಂದೇನು ಎಂಬುದೂ ಗೊತ್ತಿಲ್ಲ, ಎಂ.ಎ. ಮಾತನ್ನು ನಾನಿನ್ನೂ ಮನೆಯಲ್ಲಿ ಎತ್ತಿಲ್ಲ. ಸಂಗ್ರಹದ ಪುಸ್ತಕವನ್ನು ಒಪ್ಪಿಸಿದೆ. ಕಥೆ ಹೇಳಿದವರು ಎಂಬಲ್ಲಿ ಅವ್ವನ ಹೆಸರು ಬರೆದೆ. ವಯಸ್ಸು: ನಲವತ್ತೊಂದು. ಉದ್ಯೋಗ: ರೇಷ್ಮೆ ಬೆಳೆಗಾರ್ತಿ. ಅಜ್ಜಿಯ ಹೆಸರನ್ನೂ ಅದರ ಕೆಳಗೆ ಸೇರಿಸಿದೆ. ಗಿಳಿಯ ಕಥೆಯನ್ನು ಆಮೇಲೆ ಅವಳು ಪೂರ್ತಿ ಹೇಳಿದ್ದಳು, ಅವ್ವ ಅಲ್ಲಲ್ಲಿ ಎತ್ತಿಕೊಡುತ್ತ.

ಕಳೆದ ಭಾನುವಾರ ಗೂಡು ಬಿಡಿಸುತ್ತ ಎಲ್ಲರೂ ಕೂತಿದ್ದೆವು. ಅಪ್ಪನೂ ಇದ್ದ. ಬಹಳ ಹೊತ್ತು ಸುಮ್ಮನಿದ್ದು, ಗೂಡಿನ ಮೇಲಿನ ಜುಂಗನ್ನು ಕೀಳುತ್ತ, ಯಾರ ಕಡೆಗೂ ನೋಡದೆ ಕೇಳಿದ:

‘ಅಲ್ಲ, ಆ ನಾದಿನಿಗೆ ಆಮ್ಯಾಕೆ ಏನಾಯ್ತು?’

ಅವ್ವ, ‘ಅದು ಮುಂದಿನ್ ಬೆಳೆಗೆ’ ಎಂದಳು.